ಒಳಗಿನ ಹುಳಿ

ಜೂನ್ 14, 1998, ಭಾನುವಾರ

ಸ್ಕೂಲು ಶುರುವಾಗಿ ಎರಡು ವಾರವಾಯಿತು. ಈ ವರ್ಷ ಒಂಬತ್ತನೇ ತರಗತಿಯ ಮೂರೂ ಸೆಕ್ಷನ್ನುಗಳ ಚರಿತ್ರೆ ನನಗೇ ಬಂದಿದೆ. ಮೊದಲೆಲ್ಲ ನಿಂತೇ ಪಾಠ ಮಾಡುತ್ತಿದ್ದೆ, ಬೆಂಚುಗಳ ನಡುವೆ ಓಡಾಡಿಕೊಂಡು. ಈಗ ಕುರ್ಚಿ ಬಿಟ್ಟು ಏಳುವುದಿಲ್ಲ. ಹತ್ತಿರ ಹೋದರೆ ಹುಡುಗಿಯರಿಗೆ ವಾಸನೆ ಬಂದುಬಿಟ್ಟರೆ ಅಂತ.

ಯಾರಿಗೂ ಹೇಳುವ ವಿಷಯವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬರೆಯುವುದಕ್ಕೂ ಕೈ ಹಿಂದೇಟು ಹಾಕುತ್ತದೆ. ದೀಪಾವಳಿ ಕಳೆದ ಮೇಲೆ ಶುರುವಾದದ್ದು. ಮೊದಲು ಸ್ವಲ್ಪ ಒದ್ದೆ ಒದ್ದೆ ಅನ್ನಿಸುತ್ತಿತ್ತು ಅಷ್ಟೆ. ಆಮೇಲೆ ಆ ವಾಸನೆ. ಮೀನಿನ ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ಹೋಗುವವಳಿಗೆ ಅಂಥದ್ದೇ ವಾಸನೆ ತನ್ನ ಸೀರೆಯೊಳಗಿಂದ ಬಂದರೆ ಏನು ಮಾಡಬೇಕು?

ಗಾಯ ತೊಳೆಯುವ ಲೋಶನ್ನನ್ನು ಬಿಸಿನೀರಿಗೆ ಹಾಕಿ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಒಳಗಿನವರೆಗೂ ತೊಳೆದುಕೊಳ್ಳುತ್ತೇನೆ. ಉರಿಯುತ್ತದೆ. ಉರಿದರೆ ಕೊಳೆ ಹೋಗುತ್ತಿದೆ ಅನ್ನುವ ಸಮಾಧಾನ.

ಜೂನ್ 23, ಮಂಗಳವಾರ

ಲೋಶನ್ ಮುಗಿದಿತ್ತು. ನಮ್ಮ ಚಾಮರಾಜಪೇಟೆ ಅಂಗಡಿಯವನು ಹೋದ ಸಲವೇ "ಮನೇಲಿ ಯಾರಿಗಾದ್ರೂ ಏಟಾಗಿದ್ಯಾ ಮೇಡಂ?" ಅಂತ ಕೇಳಿದ್ದ. ಅದಕ್ಕೆ ಇವತ್ತು ಕಲಾಸಿಪಾಳ್ಯದವರೆಗೂ ನಡೆದು ಹೋಗಿ, ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ದೊಡ್ಡ ಬಾಟಲಿ ತಂದೆ. ಟೊಮ್ಯಾಟೊ ಚೀಲಗಳ ನಡುವೆ ನುಗ್ಗಿಕೊಂಡು ಬರುವಾಗ ಯಾರೂ ನನ್ನ ಮುಖ ನೋಡಲಿಲ್ಲ. ಹಾಯೆನಿಸಿತು.

ಮಧ್ಯಾಹ್ನ ಸ್ಕೂಲಿನಿಂದ ಬಂದ ಮೇಲೂ ಒಂದು ಸಲ ತೊಳೆದುಕೊಳ್ಳಲು ಶುರು ಮಾಡಿದ್ದೇನೆ. ಎರಡು ದಿನ ವಾಸನೆ ಇರುವುದಿಲ್ಲ. ಮೂರನೇ ದಿನ ಮೊದಲಿಗಿಂತ ಜೋರು.

ದೇವರ ಮನೆ ದೀಪ ಹಚ್ಚುವುದನ್ನು ಆರಾಧನಾಗೆ ವಹಿಸಿದ್ದೇನೆ. "ನಂಗೇ ಯಾಕಮ್ಮ ದಿನಾ?" ಅಂದಳು. ಕಲಿತುಕೋ, ಎಂಟನೇ ಕ್ಲಾಸಿಗೆ ಬಂದೆ ಅಂದೆ. ಅವಳಿಗೂ ಮುಟ್ಟಿನ ದಿನಗಳಲ್ಲಿ ಲೋಶನ್ ನೀರಿನಲ್ಲಿ ತೊಳೆದುಕೊಳ್ಳುವುದನ್ನು ಹೇಳಿಕೊಟ್ಟೆ. ಹೆಣ್ಣುಮಗು ಚಿಕ್ಕಂದಿನಿಂದಲೇ ಶುಚಿಯಾಗಿರಲಿ.

ಜುಲೈ 4, ಶನಿವಾರ

ಕಡೆಗೂ ಇವರಿಗೆ ಹೇಳಿದೆ. ಹೇಳದೆ ವಿಧಿಯಿರಲಿಲ್ಲ. ನಾಲ್ಕು ತಿಂಗಳಿಂದ ತಲೆನೋವು, ಸುಸ್ತು, ಪೇಪರ್ ತಿದ್ದಬೇಕು ಅಂತ ನೆಪ ಹೇಳುತ್ತಾ ಬಂದಿದ್ದೆ. ಕ್ರಿಕೆಟ್ ನೋಡುವ ನೆವದಲ್ಲಿ ನಡುಮನೆಯಲ್ಲಿ ಹಾಸಿಗೆ ಹಾಕಿಕೊಂಡವರು ಅಲ್ಲೇ ಉಳಿದುಬಿಟ್ಟಿದ್ದರು. "ನನ್ನಿಂದ ಏನಾದ್ರೂ ತಪ್ಪಾಯ್ತೇನೇ?" ಅಂತ ಕೇಳಿದಾಗ ಸುಮ್ಮನಿರಲು ಆಗಲಿಲ್ಲ. ಒಳಗೆ ಏನೋ ಸರಿಯಿಲ್ಲ, ಬಿಳುಪು ಹೋಗುತ್ತೆ ಅಂದೆ. ಪಾಪ, ಬ್ಯಾಂಕಿಗೆ ಅರ್ಧ ದಿನ ರಜ ಹಾಕಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು.

ಆ ಡಾಕ್ಟರು ನನ್ನನ್ನು ನೋಡಿದ್ದಕ್ಕಿಂತ ಇವರನ್ನು ನೋಡಿ ಮಾತಾಡಿದ್ದೇ ಹೆಚ್ಚು. ಹೊಟ್ಟೆ ಒತ್ತಿದರು. ಸ್ಕ್ಯಾನಿಂಗ್ ಮಾಡಿಸಿದರು. ಮೂವತ್ತೆಂಟು ವರ್ಷ, ಒಂದು ಮಗು ಆಗಿದೆ, ಇನ್ನು ಬೇಡ ತಾನೇ ಅಂದರು. "ಗರ್ಭಕೋಶ ಇಟ್ಕೊಂಡು ಏನ್ಮಾಡ್ತೀರಿ? ತೆಗೆಸಿಬಿಡಿ. ಮುಂದೆ ಕ್ಯಾನ್ಸರ್ ಗಿನ್ಸರ್ ಅಂತ ಚಿಂತೆ ಇರಲ್ಲ."

ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಜುಲೈ 5, ಭಾನುವಾರ

ಅತ್ತೆಗೆ ಇವರೇ ಹೇಳಿದರಂತೆ. ಬೆಳಿಗ್ಗೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಾಗ ಅವರೇ ಮಾತು ತೆಗೆದರು.

"ಹೆದರ್ಕೋಬೇಡ. ನಂದೂ ಮೂವತ್ತೆರಡಕ್ಕೇ ತೆಗೆದ್ರು. ನಿನ್ನ ಗಂಡ ವರದನಿಗೆ ಆಗ ಆರು ವರ್ಷ."

"ನಿಮಗೆ ಏನಾಗಿತ್ತು ಅತ್ತೆ?"

"ನಿನ್ನ ಥರಾನೇ. ಬಿಳುಪು. ತೆಗೆದ ಮೇಲೆ ನನಗೆ ಒಂದು ದಿನ ಮಡಿ ಕೆಟ್ಟಿದ್ದಿಲ್ಲ ನೋಡು. ಹಬ್ಬ ಅಂತಿಲ್ಲ, ತಿಥಿ ಅಂತಿಲ್ಲ."

ಹದಿನಾರು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೇವೆ, ನನಗೆ ಇದು ಗೊತ್ತಿರಲಿಲ್ಲ.

ಜುಲೈ 16, ಗುರುವಾರ

ವರಮಹಾಲಕ್ಷ್ಮಿ ಹಬ್ಬ ಮುಗಿದ ಸೋಮವಾರ ಆಪರೇಷನ್. ತೀರ್ಮಾನವಾಯಿತು.

ಜುಲೈ 22, ಬುಧವಾರ

ಒಂದೂವರೆ ತಿಂಗಳು ರಜ ಬೇಕು. ನನ್ನ ಪಾಠಗಳನ್ನು ಯಾರಿಗಾದರೂ ಒಪ್ಪಿಸಬೇಕು. ಜೀವಶಾಸ್ತ್ರದ ಶಿವಕುಮಾರಿಗೆ ಬಿಡುವಿದೆ ಅಂತ ಹೆಡ್‌ಮಿಸ್ ಹೇಳಿದರು. ಸ್ಟಾಫ್ ರೂಮಿನಲ್ಲಿ ಅವಳೊಬ್ಬಳೇ ಇದ್ದಾಗ ಕೇಳಿದೆ. ಒಪ್ಪಿಕೊಂಡಳು. ಆಮೇಲೆ, "ಏನ್ ಆಪರೇಷನ್ನು ಪ್ರಿಯಂವದಾ?" ಅಂದಳು.

ಲೇಡೀಸ್ ಪ್ರಾಬ್ಲಮ್ಮು ಅಂದೆ.

"ಫೈಬ್ರಾಯ್ಡ್ ಗಡ್ಡೆನಾ? ರಕ್ತ ಜಾಸ್ತಿ ಹೋಗ್ತಿದ್ಯಾ?"

"ಅದೆಲ್ಲ ಇಲ್ಲ. ಬಿಳುಪು."

"ಸ್ಕ್ಯಾನಲ್ಲಿ ಏನು ಬಂತು?"

"ಎಲ್ಲಾ ಸರಿಯಾಗಿದೆ ಅಂತ ಬಂತು."

ಶಿವಕುಮಾರಿ ಟಿಫನ್ ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ತಿರುಗಿ ಕೂತಳು. "ಎಲ್ಲಾ ಸರಿಯಾಗಿದ್ರೆ ತೆಗೆಯೋದು ಏನನ್ನ?"

ನನಗೆ ಕೋಪ ಬಂತು. ಇಷ್ಟು ದಿನ ಯಾರೂ ಕೇಳದ ಪ್ರಶ್ನೆಯನ್ನು ಇವಳು ಊಟದ ಹೊತ್ತಿನಲ್ಲಿ ಕೇಳುತ್ತಾಳಲ್ಲ ಅಂತ. ಬೆಲ್ ಹೊಡೆಯಿತು. ಏಳುವಾಗ ಅವಳು, "ನಮ್ಮಕ್ಕನಿಗೆ ನೋಡಿದವರು ಗಿರಿಜಾಂಬಾ ಅಂತ. ಬಸವನಗುಡೀಲಿದಾರೆ. ಆಪರೇಷನ್ನು ಎಲ್ಲಿಗೂ ಓಡಿಹೋಗಲ್ಲ, ಒಂದ್ಸಲ ತೋರಿಸು" ಅಂದಳು.

ಜುಲೈ 25, ಶನಿವಾರ

ಹೋಗಿ ಬಂದೆ. ಮನೆಯಲ್ಲಿ ಗಾಂಧಿಬಜಾರಿಗೆ ಹಬ್ಬದ ಸಾಮಾನಿಗೆ ಅಂತ ಹೇಳಿದ್ದೆ. ಒಂದೊಂದನ್ನೂ ಬರೆದಿಡಬೇಕು, ಇಲ್ಲದಿದ್ದರೆ ನಾಳೆಗೆ ನಾನೇ ನಂಬುವುದಿಲ್ಲ.

ಗಿರಿಜಾಂಬಾ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ ರಿಟೈರಾದವರು. ಬಜಾರಿನ ಹಿಂದಿನ ರಸ್ತೆಯಲ್ಲಿ ಮನೆ, ಮುಂದಿನ ಕೋಣೆಯೇ ಕ್ಲಿನಿಕ್ಕು. ಹತ್ತಿ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ. ಏನು ತೊಂದರೆ ಅಂದರು.

"ಅದು... ಕೆಳಗಡೆ..."

"ಕೆಳಗಡೆ ಅಂದ್ರೆ ಕಾಲಾ?"

ನಗುತ್ತಿರಲಿಲ್ಲ ಅವರು. ಆಮೇಲೆ ಅವರೇ ಕನ್ನಡದ ಆ ಪದ ಹೇಳಿದರು, ಕಣ್ಣು, ಕಿವಿ ಅನ್ನುವಷ್ಟು ಸಲೀಸಾಗಿ. ಮದುವೆಯಾದಾಗಿನಿಂದ ಯಾರ ಬಾಯಲ್ಲೂ ಬೈಗುಳವಲ್ಲದೆ ಅದನ್ನು ಕೇಳಿದವಳಲ್ಲ ನಾನು. ಕಿವಿ ಬಿಸಿಯಾಯಿತು. ಆದರೆ ಆಮೇಲೆ ಮಾತು ಸುಲಭವಾಯಿತು. ಯಾವಾಗಿನಿಂದ, ಬಣ್ಣ ಹೇಗೆ, ತುರಿಕೆಯಿದೆಯೇ, ಗಂಡನ ಜೊತೆ ಸೇರಿದ ಮೇಲೆ ವಾಸನೆ ಹೆಚ್ಚೇ, ಎಲ್ಲ ಕೇಳಿದರು. ಎಲ್ಲಕ್ಕೂ ಉತ್ತರ ನನ್ನ ಬಳಿ ಇತ್ತು. ಯಾರೂ ಕೇಳಿರಲಿಲ್ಲ ಅಷ್ಟೆ.

"ಹೇಗೆ ತೊಳ್ಕೋತೀರಿ?" ಅಂದರು ಕೊನೆಗೆ.

ಹೆಮ್ಮೆಯಿಂದಲೇ ಹೇಳಿದೆ. ದಿನಕ್ಕೆ ಮೂರು ಸಲ, ಬಿಸಿನೀರು, ಲೋಶನ್, ಒಳಗಿನವರೆಗೂ.

ಅವರು ಬರೆಯುವುದನ್ನು ನಿಲ್ಲಿಸಿದರು.

ಪರೀಕ್ಷೆ ಮಾಡಿದರು. ಬಣ್ಣ ಬದಲಾಗುವ ಕಾಗದದ ಚೂರೊಂದಕ್ಕೆ ತಾಗಿಸಿ ನೋಡಿದರು. ಗಾಜಿನ ಮೇಲೆ ಒಂದು ತೊಟ್ಟು ಸವರಿ, ಬೀರುವಿನ ಪಕ್ಕದ ಮೈಕ್ರೋಸ್ಕೋಪಿನ ಕೆಳಗಿಟ್ಟು, ತಾವು ನೋಡಿದ ಮೇಲೆ ನನ್ನನ್ನೂ ಕರೆದರು. ನಾನು ಬೇಡ ಅಂದೆ. "ನಿಮ್ಮದೇ ಅಲ್ವಾ, ನೋಡಿ" ಅಂದರು.

ತೆಳು ಹಪ್ಪಳದ ಚೂರಿನಂಥವು ಕಂಡವು. ಅವುಗಳ ಮೇಲೆಲ್ಲ ಗಸಗಸೆ ಎರಚಿದ ಹಾಗೆ ಚುಕ್ಕೆಗಳು, ಅಂಚು ಕಾಣದಷ್ಟು.

"ಆ ಹಪ್ಪಳದ ಥರದ್ದು ನಿಮ್ಮ ಚರ್ಮದ ಜೀವಕೋಶ. ಚುಕ್ಕೆಗಳು ಬ್ಯಾಕ್ಟೀರಿಯ. ಬ್ಯಾಕ್ಟೀರಿಯ ಇರಲೇಬೇಕು ಅಲ್ಲಿ. ಆದ್ರೆ ಇವಲ್ಲ. ಇರಬೇಕಾದವು ಬೇರೆ, ಉದ್ದುದ್ದ ಕಡ್ಡಿ ಥರ ಇರ್ತವೆ. ಮೊಸರು ಹುಳಿ ಮಾಡ್ತಾವಲ್ಲ, ಅವುಗಳ ದಾಯಾದಿಗಳೇ. ಅಲ್ಲಿ ಕೂತ್ಕೊಂಡು ಹುಳಿ ಮಾಡ್ತವೆ. ಹುಳಿ ಇದ್ರೆ ಬೇರೆಯವು ಬೆಳೆಯಕ್ಕೆ ಆಗಲ್ಲ. ಅದು ನಮ್ಮ ಕಾವಲು."

"ಅವು ಎಲ್ಲಿ ಹೋದವು?"

"ಕೆಲವರಲ್ಲಿ ಯಾಕೆ ಹೋಗ್ತವೆ ಅಂತ ನಮಗೂ ಪೂರ್ತಿ ಗೊತ್ತಿಲ್ಲಮ್ಮ. ಆದ್ರೆ ಇದ್ದಬದ್ದವನ್ನೂ ನೀವು ದಿನಕ್ಕೆ ಮೂರು ಸಲ ಸಾಯಿಸ್ತಿದೀರಲ್ಲ, ವಾಪಸ್ ಹೇಗೆ ಬರ್ತವೆ? ಆ ಲೋಶನ್ನಿಗೆ ಒಳ್ಳೇದು ಕೆಟ್ಟದ್ದು ಗೊತ್ತಾಗುತ್ತಾ?"

ನನಗೆ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ, ಅಳು ನಿಲ್ಲುವವರೆಗೂ ಕೈ ತೊಳೆಯುತ್ತಿದ್ದರು. ನಾನು ಕೊಳಕಿಯಾಗಿದ್ದಕ್ಕೆ ಹೀಗಾಯಿತು ಅಂದುಕೊಂಡಿದ್ದೆ ಅಂದೆ. "ಕೊಳಕಿಗೂ ಇದಕ್ಕೂ ಸಂಬಂಧ ಇಲ್ಲ" ಅಂದರು.

ಆಪರೇಷನ್ ವಿಷಯ ಹೇಳಿದೆ. ಸ್ಕ್ಯಾನಿನ ಕಾಗದ ನೋಡಿ ಮಡಿಸಿ ಕೊಟ್ಟರು. "ಗರ್ಭಕೋಶ ತೆಗೆದಿದ್ರೂ ಈ ವಾಸನೆ ಹೋಗ್ತಿರಲಿಲ್ಲ. ತೊಂದರೆ ಇರೋದು ಆ ಜಾಗದಲ್ಲಲ್ಲ. ಗರ್ಭಕೋಶದ ಬಾಯಿ ನೋಡಿದೆ, ಚೆನ್ನಾಗಿದೆ. ಕ್ಯಾನ್ಸರ್ ಅಂತ ಹೆದರಿಸಿದಾರಲ್ಲ, ಅದಕ್ಕೆ ಅಲ್ಲಿಂದ ಸವರಿ ಒಂದು ಸ್ಮಿಯರ್ ತೆಗೆದು ಪರೀಕ್ಷೆಗೆ ಕಳಿಸ್ತಿದೀನಿ. ಒಂದು ವಾರ ಮಾತ್ರೆ ತಗೊಳ್ಳಿ. ತೊಳೆಯೋದು ನಿಲ್ಲಿಸಿ. ಹೊರಗಡೆ ಬರೀ ನೀರು, ಒಳಗೆ ಏನೂ ಬೇಡ."

ಎದ್ದು ಬಾಗಿಲವರೆಗೆ ಬಂದವರು, "ಮೊಸರು ಅಂದೆ ಅಂತ ಮನೇಲಿ ಮೊಸರು ಹಚ್ಕೋಬೇಡಿ ಮತ್ತೆ. ಹಚ್ಕೊಂಡು ಬಂದೋರಿದಾರೆ" ಅಂದರು.

ಹಬ್ಬದ ಸಾಮಾನು ಮರೆತು ಬರಿಗೈಯಲ್ಲಿ ಬಂದಿದ್ದೆ. ಅತ್ತೆ ಖಾಲಿ ಚೀಲ ನೋಡಿದರು.

ಜುಲೈ 26, ಭಾನುವಾರ

ಬಾಟಲಿಯನ್ನು ಬಚ್ಚಲಿನಿಂದ ತೆಗೆದು ಔಷಧಿ ಡಬ್ಬಿಯಲ್ಲಿಟ್ಟೆ. ಆರಾಧನಾಗೆ, ನೀನೂ ಇನ್ನು ಇದನ್ನು ಮುಟ್ಟಬೇಡ ಅಂದೆ. "ನೀನೇ ಹೇಳಿದ್ದಲ್ಲಮ್ಮ" ಅಂದಳು. ಹೌದು, ನಾನೇ ಹೇಳಿದ್ದೆ, ನಾನು ತಪ್ಪು ತಿಳ್ಕೊಂಡಿದ್ದೆ ಅಂದೆ. "ಯಾಕೆ ತಪ್ಪು?" ಅಂತ ಕೇಳಿದಳು. ಆಮೇಲೆ ಹೇಳ್ತೀನಿ ಅಂತ ಅಡುಗೆಮನೆಗೆ ಬಂದುಬಿಟ್ಟೆ.

ಸಂಜೆ ತೊಳೆಯದೆ ಇರುವುದು ಕಷ್ಟವಾಯಿತು. ಎರಡು ಸಲ ಬಚ್ಚಲ ಬಾಗಿಲವರೆಗೆ ಹೋಗಿ ಬಂದೆ.

ಜುಲೈ 29, ಬುಧವಾರ

ಮಾತ್ರೆ ನುಂಗಿದರೆ ನಾಲಿಗೆಯ ಮೇಲೆ ದಿನವಿಡೀ ಕಬ್ಬಿಣದ ರುಚಿ. ಸಾರು, ಕಾಫಿ, ಎಲ್ಲ ಒಂದೇ ಥರ.

ಇವರಿಗೆ ಹೇಳಿದೆ. ಗಲಾಟೆಯೇನೂ ಆಗಲಿಲ್ಲ. ಆದರೆ ಒಪ್ಪಿಗೆಯೂ ಇರಲಿಲ್ಲ.

"ಡೇಟ್ ಕೊಟ್ಟಾಗಿದೆಯಲ್ಲ. ಅವರೂ ಡಾಕ್ಟರೇ. ನಾಳೆ ಹೆಚ್ಚುಕಮ್ಮಿ ಆದ್ರೆ?"

"ಯಾಕೆ ತೆಗೀಬೇಕು ಅಂತ ಅವರನ್ನ ಕೇಳಿದ್ರಾ ನೀವು?"

"ಕೇಳಲಿಲ್ಲ. ನೀನೂ ಕೇಳಲಿಲ್ಲ."

ನಿಜ. ಆದರೂ, ನನ್ನ ಯೋನಿಯಲ್ಲಿರುವ ತೊಂದರೆಗೆ ಗರ್ಭಕೋಶ ತೆಗೆಸುವುದು ಹಲ್ಲು ನೋವಿಗೆ ಕಿವಿ ಕೊಯ್ಸಿಕೊಂಡ ಹಾಗೆ ಅಂದೆ. ಇವರು ಪೇಪರ್ ಕೆಳಗಿಟ್ಟು ನನ್ನನ್ನೇ ನೋಡಿದರು. ನಂತರ, "ಹಬ್ಬದವರೆಗೂ ನೋಡೋಣ" ಅಂದರು.

ಆಗಸ್ಟ್ 8, ಶನಿವಾರ

ನಿನ್ನೆ ಹಬ್ಬ. ಕಲಶ ನಾನೇ ಇಟ್ಟೆ.

ಇವತ್ತು ಡಾಕ್ಟರ ಹತ್ತಿರ ಹೋದೆವು, ಇವರೂ ಬಂದರು. ಸ್ಮಿಯರ್ ರಿಪೋರ್ಟ್ ಬಂದಿತ್ತು, ಏನೂ ಇಲ್ಲ. ಮತ್ತೆ ಗಾಜಿನ ಚೂರು, ಮತ್ತೆ ಮೈಕ್ರೋಸ್ಕೋಪು. ಈ ಸಲ ನಾನೇ ಮುಂದಾಗಿ ಬಗ್ಗಿದೆ. ಗಸಗಸೆ ಉದುರಿಹೋಗಿತ್ತು. ಹಪ್ಪಳದ ಅಂಚು ಚೊಕ್ಕವಾಗಿ ಕಾಣುತ್ತಿತ್ತು. ಅಲ್ಲೊಂದು ಇಲ್ಲೊಂದು ಶಾವಿಗೆಯ ತುಂಡಿನಂಥ ಕಡ್ಡಿ.

"ಬರ್ತಾ ಇವೆ" ಅಂದರು ಡಾಕ್ಟರು. "ಇನ್ನೂ ಕಮ್ಮಿ. ಅವಸರ ಮಾಡಬೇಡಿ. ಇದು ಮತ್ತೆ ಬಂದರೂ ಬರಬಹುದು, ತುಂಬ ಜನಕ್ಕೆ ಬರುತ್ತೆ. ಬಂದ್ರೆ ಇಲ್ಲಿಗೆ ಬನ್ನಿ, ಬಚ್ಚಲಿಗೆ ಹೋಗಬೇಡಿ."

ಇವರು, ತಮ್ಮಿಂದ ಏನಾದರೂ ಬಂದಿರಬಹುದೇ ಅಂತ ಕೇಳಿದರು. ಕೇಳುವಾಗ ಕೈಯಲ್ಲಿ ಛತ್ರಿಯ ಹಿಡಿ ತಿರುಗಿಸುತ್ತಿದ್ದರು. ಹಾಗೇನೂ ಕಾಣುವುದಿಲ್ಲ, ಇಬ್ಬರ ತಪ್ಪೂ ಅಲ್ಲ ಅಂದರು ಡಾಕ್ಟರು.

ಬರುವಾಗ ದಾರಿಯಲ್ಲೇ ಪಬ್ಲಿಕ್ ಬೂತಿನಿಂದ ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಸೋಮವಾರದ್ದು ಬೇಡ ಅಂತ ಇವರೇ ಹೇಳಿದರು. ಬಿಸಿಲಿತ್ತು. ನಡೆದೇ ಬಂದೆವು. ಮನೆಗೆ ಬಂದವರೇ ನಡುಮನೆಯ ಹಾಸಿಗೆ ಸುತ್ತಿ ಒಳಗೆ ತಂದಿಟ್ಟರು.

ಆಗಸ್ಟ್ 9, ಭಾನುವಾರ

ಅತ್ತೆಗೆ ಹೇಳಬೇಕಾದ್ದು ನಾನೇ ಅನ್ನಿಸಿತು. ಆಪರೇಷನ್ ಇಲ್ಲ, ಮಾತ್ರೆಯಲ್ಲೇ ಹೋಯಿತು ಅಂದೆ. ಬತ್ತಿ ಹೊಸೆಯುತ್ತಿದ್ದರು.

"ಮಾತ್ರೇಲೇ ಹೋಯ್ತಾ?"

"ಹೂಂ ಅತ್ತೆ."

"ಒಂದು ವಾರಕ್ಕೆ?"

"ಹೂಂ."

ಕೈ ನಿಂತಿತು. ಮತ್ತೆ ಹೊಸೆಯಲು ಶುರು ಮಾಡಿದರು. ಒಳ್ಳೇದಾಯ್ತು ಬಿಡು ಅಂದರು. ರಾತ್ರಿ ಊಟ ಬೇಡವೆಂದು ಬರೀ ಮಜ್ಜಿಗೆ ಕುಡಿದು ಮಲಗಿದರು. ಆ ವಿಷಯ ಹೇಳಬಾರದಿತ್ತೇನೋ.

ಸೆಪ್ಟೆಂಬರ್ 12, ಶನಿವಾರ

ಶಿವಕುಮಾರಿ ಹತ್ತನೇ ಕ್ಲಾಸಿನವರಿಗೆ ಸಂತಾನೋತ್ಪತ್ತಿಯ ಪಾಠ ಮಾಡುವಾಗ ಹುಡುಗಿಯರು ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕುತ್ತಾರಂತೆ. ಜೊತೆಗೆ ಕೂತಿರು ಬಾ ಅಂದಳು, ಕೂತಿದ್ದೆ. ಒಂದು ಚೀಟಿಯಲ್ಲಿ, "ಬಿಳುಪು ಹೋದರೆ ಶಕ್ತಿ ಕರಗಿ ಹೋಗುತ್ತಾ ಮಿಸ್?" ಅಂತಿತ್ತು. ಶಿವಕುಮಾರಿಗಿಂತ ಮುಂಚೆ ನಾನೇ ಬಾಯಿ ಹಾಕಿದೆ. ಸ್ವಲ್ಪ ಹೋಗುವುದು ಸಹಜ, ಯೋನಿ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತೆ, ವಾಸನೆ, ತುರಿಕೆ, ಉರಿ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ, ಸೋಪು ಲೋಶನ್ನು ಒಳಗೆ ಹಾಕಬೇಡಿ ಅಂದೆ. ಕಿಸಕ್ಕೆಂದ ಇಬ್ಬರು ಹುಡುಗಿಯರು ಆಮೇಲೆ ಸುಮ್ಮನಾದರು. ಮಾತಾಡುತ್ತಾ ಹಿಂದಿನ ಬೆಂಚಿನವರೆಗೂ ಹೋಗಿದ್ದೆ. ಅಲ್ಲಿ ಕಿಟಕಿ ಗಾಜು ಒಡೆದಿದೆ, ಆಫೀಸಿಗೆ ಹೇಳಬೇಕು.

ಮನೆಯಲ್ಲಿ ಆರಾಧನಾಗೂ ಹೇಳಿದೆ, ಯಾಕೆ ತಪ್ಪು ಅಂತ. "ಸರಿ" ಅಂದಳು. ಇಷ್ಟೇನಾ ಅನ್ನುವ ಹಾಗೆ.

ಅಕ್ಟೋಬರ್ 10, ಶನಿವಾರ

ದಸರಾ ರಜ. ಮತ್ತೆ ಬಂದಿದೆ. ಗುರುವಾರ ಗೊತ್ತಾಯಿತು, ಅದೇ ವಾಸನೆ. ಇವತ್ತು ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದೆ. ಬರುವಾಗ ಗಾಂಧಿಬಜಾರಿನಲ್ಲಿ ಸೇವಂತಿಗೆ ಚೆನ್ನಾಗಿತ್ತು, ಎರಡು ಮೊಳ ತೆಗೆದುಕೊಂಡೆ.

ಮಾತ್ರೆ ನೋಡಿ ಅತ್ತೆ ಕೇಳಿದರು, "ಮತ್ತೆ ಬಂತಾ? ಹೆದರಿಕೆ ಆಗಲ್ವಾ ನಿಂಗೆ?"

ಇಲ್ಲ ಅತ್ತೆ, ಶೀತ ಬಂದ ಹಾಗೆ, ಬರುತ್ತೆ ಹೋಗುತ್ತೆ ಅಂದೆ. ಇನ್ನೂ ಏನೋ ಕೇಳುವವರಿದ್ದರು, ಕುಕ್ಕರ್ ಕೂಗಿತು.

ನವೆಂಬರ್ 14, ಶನಿವಾರ

ಮೊನ್ನೆ ಬಟ್ಟೆ ಮಡಿಸುವಾಗ ಅತ್ತೆ ನನ್ನ ಪಕ್ಕ ಬಂದು ಕೂತು, "ನಿನ್ನ ಡಾಕ್ಟ್ರು ವಯಸ್ಸಾದವರನ್ನೂ ನೋಡ್ತಾರಾ?" ಅಂದರು. ಯಾರಿಗೆ ಅತ್ತೆ ಅಂದೆ. "ನಂಗೇ. ಮೂತ್ರಕ್ಕೆ ಹೋದ್ರೆ ಉರಿ. ತುಂಬ ವರ್ಷದಿಂದ ಇದೆ. ನೀರು ಕುಡಿಯೋದೇ ಕಮ್ಮಿ ಮಾಡ್ಕೊಂಡಿದೀನಿ." ಎಳನೀರು, ಬಾರ್ಲಿ ಗಂಜಿ ಅಂತ ಕುಡಿಯುತ್ತಿದ್ದರು, ಉಷ್ಣ ಅಂದುಕೊಂಡಿದ್ದೆವು ನಾವೆಲ್ಲ.

ಇವತ್ತು ಆಟೋದಲ್ಲಿ ಕರೆದುಕೊಂಡು ಹೋದೆ. ಒಳಗೆ ನಾನು ಜೊತೆಗಿರಬೇಕು ಅಂದರು. ಮಲಗುವಾಗ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನನ್ನ ಕೈ ಬಿಡಲಿಲ್ಲ. ಅವರ ಕೈ ಅಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ವಯಸ್ಸಾದ ಮೇಲೆ ಹಾರ್ಮೋನು ಕಮ್ಮಿಯಾಗಿ ಯೋನಿಯ ಚರ್ಮ ತೆಳುವಾಗುತ್ತೆ, ಆ ಹುಳಿ ಮಾಡುವ ಬ್ಯಾಕ್ಟೀರಿಯಗಳೂ ಕಮ್ಮಿಯಾಗುತ್ತವೆ, ಕಾವಲಿಲ್ಲದ ಮೇಲೆ ಮೂತ್ರಕ್ಕೂ ನಂಜು ಸುಲಭವಾಗಿ ಏರುತ್ತೆ. ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು, ಹಚ್ಚಿಕೊಳ್ಳಲು ಒಂದು ಮುಲಾಮು ಕೊಟ್ಟರು. "ನೀರು ಚೆನ್ನಾಗಿ ಕುಡೀರಿ ತುಳಸಮ್ಮ. ಇದು ಉಷ್ಣ ಅಲ್ಲ."

ಅತ್ತೆ ಸೀರೆ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಏಳಲಿಲ್ಲ.

"ಡಾಕ್ಟ್ರೇ, ನಂದು ಮೂವತ್ತೆರಡಕ್ಕೆ ತೆಗೆದ್ರು. ಬಿಳುಪು ಅಂತ. ಅದು ಬೇಕಿತ್ತಾ?"

ಗಿರಿಜಾಂಬಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಳಗೆ ಬೇರೆ ಏನಾದ್ರೂ ಇತ್ತೋ ಏನೋ, ಈಗ ಹೇಳಕ್ಕೆ ನನ್ನ ಕೈಲಾಗಲ್ಲ. ಬರೀ ಬಿಳುಪಿಗೆ ತೆಗೆದಿದ್ರೆ, ಬೇಕಿರಲಿಲ್ಲ."

ಅತ್ತೆ ತಲೆಯಾಡಿಸಿದರು. "ನಿಜ ಹೇಳಿದ್ರಲ್ಲ, ಸಾಕು" ಅಂದರು.

ಆಟೋ ಬೇಡ, ಸ್ವಲ್ಪ ದೂರ ನಡೆಯೋಣ ಅಂದರು. ರಾಮಕೃಷ್ಣಾಶ್ರಮದ ಹತ್ತಿರ ಬಂದೆವು. ಅಲ್ಲಿ ಫುಟ್‌ಪಾತಿನ ಮರದ ಕೆಳಗೆ ನಿಂತು, "ನಂಗೊಂದು ಹೆಣ್ಣುಮಗು ಬೇಕಿತ್ತು ಕಣೇ" ಅಂದರು. "ವರದ ಹುಟ್ಟಿದ ಮೇಲೆ ಹೆಸರೂ ನೋಡಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ, ನಿಮ್ಮ ಮಾವನಿಗೂ."

ಏನು ಹೆಸರು ಅತ್ತೆ ಅಂತ ಕೇಳಿದೆ.

"ಮಂದಾಕಿನಿ."

ಮನೆಗೆ ಬಂದು ಕೈಕಾಲು ತೊಳೆದುಕೊಂಡು ದೊಡ್ಡ ಲೋಟದಲ್ಲಿ ನೀರು ಕುಡಿದರು. ನಾನು ಕಾಫಿಗೆ ಇಡುತ್ತಿದ್ದೆ. ನಡುಮನೆಯಲ್ಲಿ ಆರಾಧನಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡದ್ದು ಕೇಳಿಸಿತು.

"ಮಂದಾಕಿನಿ ಅಂತ" ಅನ್ನುತ್ತಿದ್ದರು ಅವಳಿಗೆ. "ಹುಟ್ಟಿದ್ರೆ ನಿಂಗೆ ಸೋದರತ್ತೆ ಆಗ್ತಿದ್ಲು."